ಬಿಲ್ ಕಟ್ಟಿದ್ದೀರಿ, ಓದಿದ್ದೀರಾ?

2025ರ ಜೂನ್ ಮೊದಲ ವಾರ. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಊರಿಂದ ಅಮ್ಮನ ಫೋನ್. "ಅಲ್ಲಪ್ಪಾ, ಫ್ರೀ ಕರೆಂಟು ನಿಲ್ಸಿಬಿಟ್ರಾ? ದಿನಾ ಟೀವೀಲಿ ಅಷ್ಟೊತ್ತು ಮಾತಾಡ್ತೀಯ, ಇದೊಂದು ಹೇಳಲೇ ಇಲ್ವಲ್ಲೋ!"

ಗೃಹಜ್ಯೋತಿ ನಿಂತಿರಲಿಲ್ಲ. ನಿಂತಿದ್ದರೆ ಆ ದಿನ ನಮ್ಮ ಚಾನೆಲ್‌ನಲ್ಲಿ ಬೇರೆ ಸುದ್ದಿಯೇ ಇರ್ತಿರಲಿಲ್ಲ. ಆದರೆ ಅಮ್ಮನ ಕೈಯಲ್ಲಿ ಬಿಲ್ ಇತ್ತು. ಎರಡು ವರ್ಷದಿಂದ ಶೂನ್ಯ ಅಂತ ಬರ್ತಿದ್ದ ಜಾಗದಲ್ಲಿ ಎರಡು ಸಾವಿರದ ನೂರ ಚಿಲ್ಲರೆ ರೂಪಾಯಿ ಬಂದಿತ್ತು. "ಫೋಟೋ ತೆಗೆದು ಕಳಿಸಮ್ಮಾ, ನೋಡ್ತೀನಿ" ಅಂದೆ. ವಾಟ್ಸಾಪ್‌ನಲ್ಲಿ ಬಂತು. ಗೇಣುದ್ದದ ಚೀಟಿ, ಬೂದು ಬಣ್ಣದ ಅಕ್ಷರ, ಇಪ್ಪತ್ತೈದು ಮೂವತ್ತು ಸಾಲು. ಹಿಗ್ಗಿಸಿ ನೋಡಿದೆ, ತಿರುಗಿಸಿ ನೋಡಿದೆ. ಹತ್ತು ನಿಮಿಷ ಆದರೂ ಅಮ್ಮನಿಗೆ ವಾಪಸ್ ಫೋನ್ ಮಾಡೋ ಧೈರ್ಯ ಬರಲಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಓಮ್ಸ್ ನಿಯಮ, ಪವರ್ ಫ್ಯಾಕ್ಟರ್ ಎಲ್ಲಾ ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆಮೇಲೆ ಸುದ್ದಿ ಮನೆಗೆ ಬಂದು, ದರ ಏರಿದಾಗಲೆಲ್ಲ "ಜನರಿಗೆ ಕರೆಂಟ್ ಶಾಕ್!" ಅಂತ ಕೂಗಿದವನೂ ನಾನೇ. ಅಂಥವನಿಗೇ ಮನೆಯ ಬಿಲ್ ಅರ್ಥ ಆಗಲಿಲ್ಲ ಅಂದ್ರೆ, ನಿಮ್ಮ ಮನೆಯ ಹಿರಿಯರ ಕಥೆ ಏನು? ಅದಕ್ಕೇ ಇವತ್ತು ಕೂಗಾಟ ಬೇಡ. ಒಂದು ಬಿಲ್ಲನ್ನು ಸಾಲು ಸಾಲಾಗಿ ಓದೋಣ. ಅಮ್ಮನ ಬಿಲ್ಲನ್ನೇ ತಗೊಳ್ಳೋಣ.

ಮೊದಲು ಯೂನಿಟ್. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟ್‌ನದ್ದಾದರೆ ಒಂದು ಗಂಟೆಗೆ ಒಂದು ಯೂನಿಟ್. ಎರಡು ಸಾವಿರ ವ್ಯಾಟ್‌ನ ಗೀಸರ್ ಅರ್ಧ ಗಂಟೆಗೇ ಒಂದು ಯೂನಿಟ್ ತಿನ್ನುತ್ತೆ. 10 ವ್ಯಾಟ್‌ನ ಎಲ್‌ಇಡಿ ಬಲ್ಬ್ ಅಷ್ಟು ತಿನ್ನೋದಕ್ಕೆ ನೂರು ಗಂಟೆ ಬೇಕು. ಬಿಲ್‌ನಲ್ಲಿ ಹಾಲಿ ಮಾಪನ, ಹಿಂದಿನ ಮಾಪನ ಅಂತ ಎರಡು ಸಂಖ್ಯೆ ಇರುತ್ತೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ನಿಮ್ಮ ಬಳಕೆ. ಅಮ್ಮನ ಮನೆಯದ್ದು 214 ಯೂನಿಟ್.

ಇನ್ನು ದುಡ್ಡಿನ ಲೆಕ್ಕ. ನಮ್ಮ ರಾಜ್ಯದಲ್ಲಿ ಕರೆಂಟಿನ ದರ ತೀರ್ಮಾನ ಮಾಡೋದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಅಲ್ಲ. ಅವು ಮಾರಾಟ ಮಾಡುವ ಕಂಪನಿಗಳು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಕಂಪನಿಗಳ ಅರ್ಜಿ ನೋಡಿ, ಸಾರ್ವಜನಿಕರ ಆಕ್ಷೇಪ ಕೇಳಿ ದರ ಗೊತ್ತು ಮಾಡುತ್ತೆ. 2025ರ ಏಪ್ರಿಲ್‌ನಿಂದ ಮನೆಗಳಿಗೆ ಯೂನಿಟ್ ದರ 5 ರೂಪಾಯಿ 80 ಪೈಸೆ. ಅದಕ್ಕೂ ಹಿಂದಿನ ವರ್ಷ 5 ರೂಪಾಯಿ 90 ಪೈಸೆ ಇತ್ತು. ಅಂದ್ರೆ ಹತ್ತು ಪೈಸೆ ಇಳಿದಿದೆ! ಹಾಗಾದರೆ ಬಿಲ್ ಇಳೀಬೇಕಲ್ವಾ?

ಇಲ್ಲೇ ಇರೋದು ವಿಷಯ. ಯೂನಿಟ್ ದರ ಬಿಲ್‌ನ ಒಂದು ಸಾಲು ಮಾತ್ರ.

ಎರಡನೇ ಸಾಲು ನಿಗದಿತ ಶುಲ್ಕ. ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆಯೋ ಅಷ್ಟಕ್ಕೆ ಪ್ರತಿ ತಿಂಗಳು ಕಟ್ಟಬೇಕಾದ ಹಣ. 2024ರ ಏಪ್ರಿಲ್‌ನಿಂದ ಕಿಲೋವ್ಯಾಟ್‌ಗೆ 120 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 145. ಸ್ವಿಚ್ ಒತ್ತದೇ ಇದ್ದರೂ ಇದನ್ನು ಕಟ್ಟಬೇಕು. ಯಾಕೆ ಅಂತೀರಾ? ಕಲ್ಯಾಣ ಮಂಟಪದ ಉದಾಹರಣೆ ತಗೊಳ್ಳಿ. ನೀವು ಐನೂರು ಜನರ ಹಾಲ್ ಬುಕ್ ಮಾಡಿದ್ರಿ, ಬಂದಿದ್ದು ನೂರೇ ಜನ. ಊಟದ ಎಲೆ ಲೆಕ್ಕದಲ್ಲಿ ದುಡ್ಡು ಕಡಿಮೆ ಆಗಬಹುದು, ಹಾಲ್ ಬಾಡಿಗೆ ಕಡಿಮೆ ಆಗಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ, ವಿದ್ಯುತ್ ಸ್ಥಾವರಗಳ ಜೊತೆಗಿನ ಒಪ್ಪಂದ ಎಲ್ಲ ನೀವು ಬಳಸಿದರೂ ಬಳಸದಿದ್ದರೂ ಸಿದ್ಧವಾಗಿ ನಿಂತಿರಬೇಕು. ಆ ಬಾಡಿಗೆಯೇ ನಿಗದಿತ ಶುಲ್ಕ. ತರ್ಕ ಸರಿಯಾಗೇ ಇದೆ. ಆದರೆ ನೀವು ಎಷ್ಟು ಜನರ ಹಾಲ್ ಬುಕ್ ಮಾಡಿದ್ದೀರಿ ಅನ್ನೋದು ನಿಮಗೆ ಗೊತ್ತಿರಬೇಕು ತಾನೇ?

ಅಮ್ಮನ ಬಿಲ್‌ನಲ್ಲಿ ಮಂಜೂರಾದ ಲೋಡ್ 5 ಕಿಲೋವ್ಯಾಟ್. ಮನೆಯಲ್ಲಿ ಎಸಿ ಇಲ್ಲ. ಒಂದು ಗೀಸರ್, ಫ್ರಿಜ್, ಮಿಕ್ಸಿ, ನಾಲ್ಕು ಫ್ಯಾನು, ಬೇಸಿಗೆಗೆ ಒಂದು ಕೂಲರ್. ಮನೆ ಕಟ್ಟಿಸುವಾಗ ಅರ್ಜಿ ತುಂಬಿದ್ದು ಕಂಟ್ರಾಕ್ಟರ್. "ಮುಂದೆ ಬೇಕಾಗುತ್ತೆ, ಇರಲಿ ಬಿಡಿ" ಅಂತ ಐದು ಬರೆದಿದ್ದರಂತೆ. ಅಪ್ಪ ಸಹಿ ಹಾಕಿದ್ದರು. ಆವತ್ತಿನಿಂದ ಇವತ್ತಿನವರೆಗೆ ಆ ಸಂಖ್ಯೆಯನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ, ನಾನೂ ಸೇರಿ.

ಮೂರನೇ ಸಾಲು ಪಿ ಅಂಡ್ ಜಿ ಸರ್‌ಚಾರ್ಜ್. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರ್ಯಾಚ್ಯುಟಿಗೆ ಅಂತ 2025ರ ಏಪ್ರಿಲ್‌ನಿಂದ ಸೇರಿರೋದು. ಮೊದಲ ವರ್ಷ ಯೂನಿಟ್‌ಗೆ 36 ಪೈಸೆ. ಯೂನಿಟ್ ದರ ಹತ್ತು ಪೈಸೆ ಇಳಿದ ತಿಂಗಳೇ ಈ 36 ಪೈಸೆ ಬಂತು. ಇಳಿದಿದ್ದು ಸುದ್ದಿಯಾಯ್ತು, ಬಂದಿದ್ದೂ ಸುದ್ದಿಯಾಯ್ತು. ಎರಡನ್ನೂ ಕೂಡಿಸಿ ಕಳೆದು "ನಿಮ್ಮ ಮನೆಗೆ ಇಷ್ಟು" ಅಂತ ಹೇಳುವವರು ಮಾತ್ರ ಯಾರೂ ಇರಲಿಲ್ಲ.

ನಾಲ್ಕನೇ ಸಾಲು ತೆರಿಗೆ. ವಿದ್ಯುತ್ ಶುಲ್ಕದ ಮೇಲೆ ಶೇಕಡಾ 9. ಇದು ಕಂಪನಿಗಲ್ಲ, ರಾಜ್ಯ ಸರ್ಕಾರಕ್ಕೆ ಹೋಗುವ ಹಣ.

ಈಗ ಪೆನ್ನು ತಗೊಳ್ಳಿ. ಐದು ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 725 ರೂಪಾಯಿ. 214 ಯೂನಿಟ್‌ಗೆ 5.80ರಂತೆ 1,241 ರೂಪಾಯಿ 20 ಪೈಸೆ. ಪಿಂಚಣಿ ಸರ್‌ಚಾರ್ಜ್ 77 ರೂಪಾಯಿ 4 ಪೈಸೆ. ತೆರಿಗೆ 111 ರೂಪಾಯಿ 71 ಪೈಸೆ. ಒಟ್ಟು 2,154 ರೂಪಾಯಿ 95 ಪೈಸೆ. 214ರಿಂದ ಭಾಗಿಸಿ ನೋಡಿ. ಯೂನಿಟ್‌ಗೆ ಹತ್ತು ರೂಪಾಯಿ ದಾಟುತ್ತೆ. ಟೀವಿಯಲ್ಲಿ ನಾವು ಹೇಳಿದ ದರ 5.80, ಅಮ್ಮ ನಿಜವಾಗಿ ಕಟ್ಟಬೇಕಾದ ದರ ಹತ್ತು. ಇದರಲ್ಲಿ ಮೋಸ ಏನೂ ಇಲ್ಲ. ಪ್ರತಿ ಸಾಲಿಗೂ ಆದೇಶ ಇದೆ, ಕಾನೂನು ಇದೆ. ಆದರೆ ಈ ಹತ್ತು ರೂಪಾಯಿ ಅನ್ನೋ ಸಂಖ್ಯೆ ಬಿಲ್‌ನಲ್ಲಿ ಎಲ್ಲೂ ಇಲ್ಲ.

ಕಡಿಮೆ ಬಳಸುವವರ ಲೆಕ್ಕ ಇನ್ನೂ ವಿಚಿತ್ರ. ಮೂರು ಕಿಲೋವ್ಯಾಟ್ ಲೋಡ್ ಇರುವ ಮನೆಗೆ ಬೀಗ ಹಾಕಿ ತಿಂಗಳೆಲ್ಲ ಮಗಳ ಮನೆಯಲ್ಲಿದ್ದು ಬಂದಿರಿ, ಫ್ರಿಜ್ ಓಡಿ 20 ಯೂನಿಟ್ ಆಯ್ತು ಅಂದುಕೊಳ್ಳಿ. ಸಬ್ಸಿಡಿ ಇಲ್ಲದಿದ್ದರೆ 435 ನಿಗದಿತ ಶುಲ್ಕ ಸೇರಿ ಬಿಲ್ ಸುಮಾರು 569 ರೂಪಾಯಿ. ಯೂನಿಟ್‌ಗೆ 28 ರೂಪಾಯಿ ಮೇಲೆ! "ಮನೇಲೇ ಇರಲಿಲ್ಲ, ಬಿಲ್ ಹೇಗೆ ಬಂತು?" ಅಂತ ಜನ ಮೀಟರ್ ರೀಡರ್ ಜೊತೆ ಜಗಳಕ್ಕೆ ಹೋಗೋದು ಇದಕ್ಕೇ. ಪಾಪ, ಆ ಹುಡುಗನ ಹತ್ತಿರ ಉತ್ತರ ಎಲ್ಲಿರುತ್ತೆ?

ಐದನೇ ಸಾಲು ಕೆಲವು ತಿಂಗಳು ಇರುತ್ತೆ, ಮೊತ್ತ ತಿಂಗಳಿಂದ ತಿಂಗಳಿಗೆ ಬೇರೆ. ಎಫ್‌ಪಿಪಿಸಿಎ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕ. ಹೆಸರು ಕೇಳಿದರೇ ಬೆವರು. ಹಾಸ್ಟೆಲ್‌ನಲ್ಲಿ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮ ಮೆಸ್‌ನಲ್ಲಿ ಡಿವೈಡಿಂಗ್ ಸಿಸ್ಟಮ್ ಇತ್ತು. ಊಟ ಮೊದಲು, ಲೆಕ್ಕ ಆಮೇಲೆ. ಆ ತಿಂಗಳು ಈರುಳ್ಳಿ, ಬೇಳೆ ದುಬಾರಿ ಆಗಿದ್ದರೆ ತಲೆಗೆ ಇಷ್ಟು ಜಾಸ್ತಿ ಅಂತ ನೋಟಿಸ್ ಬೋರ್ಡ್‌ಗೆ ಅಂಟಿಸ್ತಿದ್ದರು. ಹಾಗೇ, ವಿದ್ಯುತ್ ಕಂಪನಿ ಅಂದಾಜು ಮಾಡಿದ್ದಕ್ಕಿಂತ ಕಲ್ಲಿದ್ದಲು ಅಥವಾ ಖರೀದಿ ದುಬಾರಿಯಾದರೆ ಆ ವ್ಯತ್ಯಾಸ ನಮ್ಮ ಮೇಲೆ, ಅಗ್ಗವಾದರೆ ಕಡಿತ. ಮೊದಲು ಮೂರು ತಿಂಗಳಿಗೊಮ್ಮೆ ಈ ಲೆಕ್ಕ ಆಗ್ತಿತ್ತು. ಕೇಂದ್ರ ಸರ್ಕಾರ 2022ರ ಡಿಸೆಂಬರ್ ಕೊನೆಯಲ್ಲಿ ನಿಯಮ ತಿದ್ದಿದ ಮೇಲೆ ತಿಂಗಳು ತಿಂಗಳು ತಾನಾಗೇ ಬಿಲ್‌ಗೆ ಸೇರೋ ವ್ಯವಸ್ಥೆ ಬಂತು. ಆದರೆ ನಮ್ಮ ಮೆಸ್‌ನ ನೋಟಿಸ್ ಬೋರ್ಡ್‌ನಲ್ಲಿ ಬೇಳೆಗೆ ಎಷ್ಟು, ಗ್ಯಾಸ್‌ಗೆ ಎಷ್ಟು ಅಂತ ಇರ್ತಿತ್ತು. ಜಗಳ ಆಡೋದಕ್ಕಾದರೂ ಲೆಕ್ಕ ಇರ್ತಿತ್ತು. ಈ ಸಾಲಿನಲ್ಲಿ ಬರೀ ನಾಲ್ಕೈದು ಅಕ್ಷರ, ಮುಂದೊಂದು ಮೊತ್ತ. ಯಾವ ತಿಂಗಳ ಬಳಕೆಗೆ, ಯೂನಿಟ್‌ಗೆ ಎಷ್ಟು ಪೈಸೆ ಅನ್ನೋದು ಚೀಟಿ ನೋಡಿದ ತಕ್ಷಣ ತಿಳಿಯಬೇಕಲ್ವಾ?

ಈಗ ಅಮ್ಮನ ಪ್ರಶ್ನೆಗೆ ಬರ್ತೀನಿ. ಎರಡು ವರ್ಷ ಶೂನ್ಯ ಬರ್ತಿದ್ದ ಬಿಲ್ ಇದ್ದಕ್ಕಿದ್ದಂತೆ ಎರಡು ಸಾವಿರ ಯಾಕಾಯ್ತು?

2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರೋಕೆ ಶುರುವಾದಾಗ ಎಲ್ಲರೂ ನೆನಪಿಟ್ಟುಕೊಂಡಿದ್ದು ಒಂದೇ ಸಂಖ್ಯೆ, 200 ಯೂನಿಟ್. ಆದರೆ ಯೋಜನೆಯಲ್ಲಿ ಎರಡು ಸಂಖ್ಯೆ ಇವೆ. ಒಂದು ಎಲ್ಲರಿಗೂ ಇರುವ 200ರ ಗೆರೆ. ಇನ್ನೊಂದು ನಿಮ್ಮ ಮನೆಗೆ ಮಾತ್ರ ಇರುವ ಗೆರೆ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರೋದು ನಿಮ್ಮ ಅರ್ಹ ಯೂನಿಟ್. ಇದು ಯೋಜನೆಯ ಮೂಲ ಸೂತ್ರ. ಅಮ್ಮನ ಸರಾಸರಿ 140 ಇತ್ತು, ಅರ್ಹತೆ 154. ಆ 154ರ ಒಳಗಿದ್ದರೆ ಶೂನ್ಯ. 154 ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ.

ಮೇ ತಿಂಗಳಲ್ಲಿ ಅಕ್ಕ ಮಕ್ಕಳನ್ನು ಕರ್ಕೊಂಡು ರಜೆಗೆ ಊರಿಗೆ ಹೋಗಿದ್ಲು. ಸೆಕೆ ಅಂತ ಕೂಲರ್ ದಿನಕ್ಕೆ ಹತ್ತು ಗಂಟೆ ಓಡಿದೆ. 200 ವ್ಯಾಟ್‌ನ ಕೂಲರ್, ಹತ್ತು ಗಂಟೆಗೆ ಎರಡು ಯೂನಿಟ್, ತಿಂಗಳಿಗೆ 60. ಗೆರೆ ದಾಟಿದ್ದು 14 ಯೂನಿಟ್. ಆ ಕೂಲರ್ ದಿನಕ್ಕೆ ಎರಡೂವರೆ ಗಂಟೆ ಕಡಿಮೆ ಓಡಿದ್ದರೆ 15 ಯೂನಿಟ್ ಉಳಿದು 199ಕ್ಕೆ ನಿಲ್ತಿತ್ತು. ಆಗ ಅಮ್ಮ ದುಡ್ಡು ಕೊಡಬೇಕಾಗಿದ್ದು 45 ಯೂನಿಟ್‌ಗೆ ಮಾತ್ರ. ಈಗ 214ಕ್ಕೂ ಕೊಡಬೇಕು. ಅಕ್ಕನ ಮಕ್ಕಳಿಗೆ ಸೆಕೆಯಲ್ಲಿ ಮಲಗಿ ಅಂತ ನಾನು ಹೇಳ್ತಿಲ್ಲ. ಗೆರೆ ಎಲ್ಲಿದೆ ಅಂತ ಗೊತ್ತಿದ್ದರೆ ದಾಟಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಅಮ್ಮನ ಕೈಯಲ್ಲಿ ಇರ್ತಿತ್ತು. ಗೊತ್ತಿಲ್ಲದೇ ದಾಟಿದಳು. ಪಿಂಚಣಿ ಹಣದಲ್ಲಿ ಮನೆ ನಡೆಸುವವಳಿಗೆ ಎರಡು ಸಾವಿರ ಸಣ್ಣ ಮೊತ್ತ ಅಲ್ಲ.

ಒಂದೂವರೆ ಕೋಟಿಗೂ ಹೆಚ್ಚು ಕುಟುಂಬಗಳು ಈ ಯೋಜನೆಯಲ್ಲಿವೆ. ಶೂನ್ಯ ಬಿಲ್ ಬಂದ ಮೇಲೆ ಬಿಲ್ ಓದುವ ಅಭ್ಯಾಸವೇ ಹೋಗಿದೆ. ಗೇಟಿಗೆ ಸಿಕ್ಕಿಸಿ ಹೋದ ಚೀಟಿ ಗಾಳಿಗೆ ಹಾರಿದರೂ ಯಾರೂ ಹುಡುಕಲ್ಲ. ಆದರೆ ಶೂನ್ಯ ಅಂದ್ರೆ ಖರ್ಚು ಇಲ್ಲ ಅಂತಲ್ಲ, ನಿಮ್ಮ ಬದಲು ಸರ್ಕಾರ ಕಟ್ಟಿದೆ ಅಂತ. ಸರ್ಕಾರದ ದುಡ್ಡು ಅಂದ್ರೆ ಮತ್ತೆ ನಮ್ಮದೇ ತೆರಿಗೆ. ಹಾಗಾಗಿ ಶೂನ್ಯ ಬಿಲ್ಲನ್ನೂ ಓದಲೇಬೇಕು.

ಅರ್ಥವಾಗದ ಬಿಲ್ ಬಂದರೆ ಏನಾಗುತ್ತೆ ಅನ್ನೋದನ್ನು ನಾವು 2023ರ ಜೂನ್‌ನಲ್ಲಿ ನೋಡಿದ್ದೀವಿ. ಆ ವರ್ಷ ಕೆಇಆರ್‌ಸಿ ದರ ಆದೇಶ ಹೊರಬಿದ್ದಿದ್ದು ಮೇ 12ಕ್ಕೆ, ಮರುದಿನವೇ ವಿಧಾನಸಭೆ ಚುನಾವಣೆಯ ಫಲಿತಾಂಶ. ಸರಾಸರಿ ಯೂನಿಟ್‌ಗೆ 70 ಪೈಸೆ ಏರಿಕೆ. ಜಾರಿ ಯಾವಾಗಿನಿಂದ? ಏಪ್ರಿಲ್ 1ರಿಂದ! ಅಂದ್ರೆ ಏಪ್ರಿಲ್ ತಿಂಗಳೆಲ್ಲ ಜನ ಕರೆಂಟ್ ಬಳಸಿ ಮುಗಿಸಿದ್ದರು, ಬೆಲೆ ಆಮೇಲೆ ಗೊತ್ತಾಯ್ತು. ಹೋಟೆಲ್‌ನಲ್ಲಿ ದೋಸೆ ತಿಂದು ಕೈ ತೊಳೆದ ಮೇಲೆ ರೇಟ್ ಬೋರ್ಡ್ ಬದಲಾಯಿಸಿದ ಹಾಗೆ. ಜೂನ್ ಬಿಲ್‌ನಲ್ಲಿ ಹೊಸ ದರ, ಏಪ್ರಿಲ್‌ನ ಬಾಕಿ, ಇಂಧನ ಹೊಂದಾಣಿಕೆ ಎಲ್ಲ ಒಟ್ಟಿಗೆ ಬಂದು ಕೂತವು.

ಸಾಲದ್ದಕ್ಕೆ ಆಗ ಇನ್ನೊಂದು ಗೆರೆಯೂ ಇತ್ತು. ನೂರು ಯೂನಿಟ್ ಒಳಗಿದ್ದರೆ 4 ರೂಪಾಯಿ 75 ಪೈಸೆ, ನೂರು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. ನೂರು ಯೂನಿಟ್‌ಗೆ 475 ರೂಪಾಯಿ, ನೂರಾ ಒಂದು ಯೂನಿಟ್‌ಗೆ 707. ಒಂದೇ ಒಂದು ಯೂನಿಟ್‌ನ ಬೆಲೆ 232 ರೂಪಾಯಿ! ಮರುವರ್ಷ ಈ ಸ್ಲ್ಯಾಬ್ ತೆಗೆದು ಎಲ್ಲರಿಗೂ ಒಂದೇ ದರ ಮಾಡಿದರು. ಆದರೆ ಆ ಜೂನ್‌ನಲ್ಲಿ ಬಿಲ್ ಹಿಡಿದು ಬೀದಿಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಿದವರು ಕಡಿಮೆ. ಹೊಸದಾಗಿ ಬಂದ ಸರ್ಕಾರ ಹಳೆಯದರ ಕಡೆ, ಹಳೆಯದು ಹೊಸದರ ಕಡೆ ಬೆರಳು ತೋರಿಸಿದವು. ನಾವು ಇಬ್ಬರನ್ನೂ ಕೂರಿಸಿ ಚರ್ಚೆ ಮಾಡಿಸಿದೆವು. ಬಿಸಿಲಲ್ಲಿ ಮನೆ ಮನೆ ತಿರುಗಿ ಬಿಲ್ ಕೊಡುವ ಸಿಬ್ಬಂದಿ ಬೈಗುಳ ತಿಂದರು, ಕೆಲವು ಕಡೆ ಹೊಡೆತವನ್ನೂ ತಿಂದರು. ದರ ಗೊತ್ತುಮಾಡಿದವರು ಎಲ್ಲೋ, ಏಟು ತಿಂದವರು ಎಲ್ಲೋ.

ಹಾಗಾದರೆ ಮೊದಲೇ ಹೇಳಬೇಕು ಅನ್ನೋ ನಿಯಮ ಇಲ್ವಾ? ಇದೆ. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಅಂತ ಹೊರಡಿಸಿತು. ಇಂಧನ ಹೊಂದಾಣಿಕೆಯಂಥ ಶುಲ್ಕಗಳನ್ನು ಬಿಟ್ಟು, ದರ ಬದಲಾದರೆ ಒಂದು ಪೂರ್ತಿ ಬಿಲ್ಲಿಂಗ್ ಅವಧಿ ಮೊದಲೇ ಗ್ರಾಹಕರಿಗೆ ತಿಳಿಸಬೇಕು ಅಂತ ಅದರಲ್ಲಿದೆ. ಅದರ ಜೊತೆ ನಿಮಗೆ ಇವತ್ತೇ ಉಪಯೋಗಕ್ಕೆ ಬರುವ ಇನ್ನೂ ಕೆಲವು ಮಾತುಗಳಿವೆ, ಬರೆದಿಟ್ಟುಕೊಳ್ಳಿ.

ಒಂದು, ಸರಾಸರಿ ಬಿಲ್. ಮನೆಗೆ ಬೀಗ ಇತ್ತು, ಮೀಟರ್ ಓದಲಾಗಲಿಲ್ಲ ಅಂತ ಅಂದಾಜಿನ ಬಿಲ್ ಕೊಡುತ್ತಾರಲ್ಲ, ಒಂದು ಆರ್ಥಿಕ ವರ್ಷದಲ್ಲಿ ಎರಡು ಬಿಲ್ಲಿಂಗ್ ಅವಧಿಗಿಂತ ಹೆಚ್ಚು ಹಾಗೆ ಕೊಡುವಂತಿಲ್ಲ. ಅದಕ್ಕಿಂತ ಹೆಚ್ಚಾದರೆ, ನಿಜವಾದ ರೀಡಿಂಗ್ ಪ್ರಕಾರ ಬಿಲ್ ಕೊಡುವವರೆಗೆ ಹಣ ಕಟ್ಟಲ್ಲ ಅನ್ನೋ ಹಕ್ಕು ಗ್ರಾಹಕರಿಗಿದೆ. ಬಿಲ್‌ನಲ್ಲಿ ಡಿಎಲ್ ಅಂತ ಇದ್ದರೆ ಡೋರ್ ಲಾಕ್, ಎಂಎನ್‌ಆರ್ ಅಂತ ಇದ್ದರೆ ಮೀಟರ್ ಓಡುತ್ತಿಲ್ಲ ಅಂತ ಅರ್ಥ. ನೀವು ಮನೆಯಲ್ಲೇ ಇದ್ದು ಬಿಲ್‌ನಲ್ಲಿ ಡಿಎಲ್ ಬಂದಿದ್ದರೆ ಸುಮ್ಮನಿರಬೇಡಿ.

ಎರಡು, ಮೀಟರ್ ಮೇಲೆ ಅನುಮಾನ. 2024ರ ಫೆಬ್ರವರಿಯಲ್ಲಿ ಆದ ತಿದ್ದುಪಡಿ ಪ್ರಕಾರ, ಬಳಕೆಗೂ ರೀಡಿಂಗ್‌ಗೂ ತಾಳೆ ಆಗ್ತಿಲ್ಲ ಅಂತ ದೂರು ಕೊಟ್ಟರೆ ಐದು ದಿನದೊಳಗೆ ಇನ್ನೊಂದು ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು.

ಮೂರು, ಲೈನ್ ಕತ್ತರಿಸುವುದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಪ್ರಕಾರ ಬಾಕಿಗಾಗಿ ಲೈನ್ ಕತ್ತರಿಸುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು.

ನಾಲ್ಕು, ಠೇವಣಿ. ಸಂಪರ್ಕ ಪಡೆಯುವಾಗ ಕಟ್ಟಿದ ಭದ್ರತಾ ಠೇವಣಿ ನಿಮ್ಮ ಹಣ, ಅದಕ್ಕೆ ಬಡ್ಡಿ ಬರಬೇಕು. ನಮ್ಮಲ್ಲಿ ಎರಡು ತಿಂಗಳ ಸರಾಸರಿ ಬಿಲ್‌ನಷ್ಟು ಠೇವಣಿ ಇರಬೇಕು ಅನ್ನೋ ಲೆಕ್ಕ. ಬಳಕೆ ಹೆಚ್ಚಾದರೆ ಹೆಚ್ಚುವರಿ ಠೇವಣಿ ಕೇಳ್ತಾರೆ. ಕೇಳಿದಾಗ ಜಗಳ ಆಡ್ತೀವಿ, ಬಡ್ಡಿ ಬಂತಾ ಅಂತ ನೋಡೋದೇ ಇಲ್ಲ.

ದೂರು ಎಲ್ಲಿ? ಮೊದಲು 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಉಪವಿಭಾಗ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಇವು ನಿಮಗೋಸ್ಕರ ಕಾನೂನಿನಲ್ಲೇ ಇರುವ ಬಾಗಿಲುಗಳು. ಇವುಗಳ ವಿಳಾಸ ಪ್ರತಿ ಬಿಲ್‌ನಲ್ಲೂ ಓದಲು ಬರುವ ಅಕ್ಷರದಲ್ಲಿ ಇರಬೇಕು ಅಂತ ನಾನು ಹೇಳೋದು ಅದಕ್ಕೇ.

ಬಾಡಿಗೆ ಮನೆಯವರ ಪಾಡು ಇನ್ನೊಂದು ರೀತಿ. ಬೆಂಗಳೂರಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಮೀಟರ್, ಕೆಳಗೆ ಸಬ್ ಮೀಟರ್. ಓನರ್ "ಯೂನಿಟ್‌ಗೆ ಹತ್ತು ರೂಪಾಯಿ ಕೊಡಿ" ಅಂತಾರೆ. "ಸರ್ಕಾರದ ರೇಟು 5.80, ನೀವು ಹತ್ತು ಯಾಕೆ ತಗೋತೀರಾ ಅಂಕಲ್?" ಅಂತ ಬಾಡಿಗೆದಾರ. ಮೇಲಿನ ಲೆಕ್ಕ ನೋಡಿದಿರಲ್ಲ? ಮೂರು ಕಿಲೋವ್ಯಾಟ್ ಮನೆ 150 ಯೂನಿಟ್ ಬಳಸಿದರೆ ಎಲ್ಲ ಸೇರಿ 1,437 ರೂಪಾಯಿ, ಯೂನಿಟ್‌ಗೆ ಒಂಬತ್ತೂವರೆ. ಓನರ್ ಮೋಸ ಮಾಡ್ತಿರಬಹುದು, ಮಾಡದೇನೂ ಇರಬಹುದು. ಬಿಲ್ ತೋರಿಸಿ ಲೆಕ್ಕ ಹಾಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ತೋರಿಸಲ್ಲ, ಇವರು ಕೇಳಲ್ಲ, ಮನಸ್ಸಲ್ಲಿ ಅನುಮಾನ ಇಟ್ಟುಕೊಂಡು ಇಬ್ಬರೂ ಒಂದೇ ಮೆಟ್ಟಿಲು ಹತ್ತಿ ಇಳೀತಾರೆ.

ಹಾಗಾದರೆ ಒಳ್ಳೆಯ ಬಿಲ್ ಹೇಗಿರಬೇಕು? ನಾನು ಕೇಳೋದು ದೊಡ್ಡ ತಂತ್ರಜ್ಞಾನ ಅಲ್ಲ. ಮೇಲೆ ದೊಡ್ಡ ಅಕ್ಷರದಲ್ಲಿ ಮೂರು ಉತ್ತರ: ಎಷ್ಟು ಬಳಸಿದಿರಿ, ಎಷ್ಟು ಕಟ್ಟಬೇಕು, ಯಾವಾಗಿನೊಳಗೆ. ಅದರ ಕೆಳಗೆ ಕಳೆದ ತಿಂಗಳ ಮತ್ತು ಕಳೆದ ವರ್ಷ ಇದೇ ತಿಂಗಳ ಯೂನಿಟ್, ರೀಡಿಂಗ್ ಎಷ್ಟು ದಿನಗಳದ್ದು ಅನ್ನೋದರ ಸಮೇತ. ರೀಡರ್ ನಾಲ್ಕು ದಿನ ತಡವಾಗಿ ಬಂದರೆ ನಾಲ್ಕು ದಿನದ ಬಳಕೆ ಜಾಸ್ತಿ ತೋರಿಸುತ್ತೆ, ಅದು ಜನಕ್ಕೆ ಗೊತ್ತಾಗಲಿ. ಪ್ರತಿ ಶುಲ್ಕದ ಮುಂದೆ ಮೊತ್ತ ಮಾತ್ರ ಅಲ್ಲ, ಗುಣಾಕಾರವೂ ಇರಲಿ: 5 ಗುಣಿಸು 145, 214 ಗುಣಿಸು 5.80. ಹಳೆಯ ಬಾಕಿ ಇದ್ದರೆ ಅದು ಯಾವ ತಿಂಗಳದ್ದು ಅಂತ ಬೇರೆಯಾಗಿ ಬರೀಲಿ, ಈ ತಿಂಗಳ ಲೆಕ್ಕದೊಳಗೆ ತುರುಕಬೇಡಿ. ಗೃಹಜ್ಯೋತಿ ಮನೆಗಳಿಗೆ "ನಿಮ್ಮ ಅರ್ಹತೆ 154, ಈ ತಿಂಗಳು 148, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದು" ಅನ್ನೋ ಒಂದು ಸಾಲು ಇರಲಿ. ಆ ಒಂದು ಸಾಲು ಇದ್ದಿದ್ದರೆ ಅಮ್ಮ ನನಗೆ ರಾತ್ರಿ ಫೋನ್ ಮಾಡ್ತಿರಲಿಲ್ಲ.

ಮತ್ತೆ, ಅದು ಕನ್ನಡದಲ್ಲಿರಲಿ. ಕನ್ನಡ ಅಂದ್ರೆ ಡಿಕ್ಷನರಿ ಬಿಡಿಸಿ ಓದುವ ಕನ್ನಡ ಅಲ್ಲ. "ಮಾಪನ ಸ್ಥಿರಾಂಕ" ಅಂದ್ರೆ ನನ್ನ ಅಮ್ಮನಿಗೆ ಬಿಡಿ, ನನಗೇ ಎರಡು ಸಲ ಓದಬೇಕಾಯ್ತು. ಮೀಟರ್, ಯೂನಿಟ್, ಲೋಡ್ ಇವೆಲ್ಲ ನಮ್ಮ ಮಾತಲ್ಲಿ ಬೆರೆತುಹೋದ ಪದಗಳು, ಹಾಗೇ ಬರೀಲಿ.

ಕೊನೆಯದು ಕಾಗದ. ಅಮ್ಮ ಎಲ್ಲ ಬಿಲ್ಲನ್ನೂ ಒಂದು ಬಿಸ್ಕತ್ ಡಬ್ಬಿಯಲ್ಲಿ ಜೋಪಾನ ಮಾಡಿದ್ದಾಳೆ. ಹೋದ ತಿಂಗಳು ಊರಿಗೆ ಹೋದಾಗ ತೆಗೆದು ನೋಡಿದೆ. ಹಳೆಯ ಚೀಟಿಗಳೆಲ್ಲ ಬರೀ ಬಿಳಿ ಹಾಳೆ. ಶಾಖದಿಂದ ಅಕ್ಷರ ಮೂಡಿಸುವ ಕಾಗದ ಅದು, ಕಾಲ ಕಳೆದಂತೆ ಮಾಸಿ ಹೋಗುತ್ತೆ. ನಾಳೆ ಯಾರಾದರೂ ಬಂದು "ಎರಡು ವರ್ಷದ ಹಿಂದಿನ ಬಾಕಿ ಇದೆ" ಅಂದರೆ ತೋರಿಸೋಕೆ ಅವಳ ಹತ್ತಿರ ಇರೋದು ಖಾಲಿ ಚೀಟಿಗಳ ಡಬ್ಬಿ. ಬಿಲ್ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಜೊತೆಗೆ ಮೀಟರಿನದ್ದೂ ಒಂದು.

ಒಂದು ಮಾತು ಒಪ್ಪಿಕೊಳ್ತೀನಿ. ಬಿಲ್ ಸ್ಪಷ್ಟವಾದ ಮಾತ್ರಕ್ಕೆ ದರ ಇಳಿಯಲ್ಲ. ಕಲ್ಲಿದ್ದಲಿನ ಬೆಲೆ ಕಲ್ಲಿದ್ದಲಿನ ಬೆಲೆಯೇ. ಚೀಟಿಯಲ್ಲಿ ಜಾಗ ಕಡಿಮೆ, ರೀಡರ್‌ಗೆ ಒಂದು ಮನೆಯ ಮುಂದೆ ನಿಲ್ಲೋಕೆ ಸಮಯ ಕಡಿಮೆ ಅನ್ನೋದೂ ನಿಜ. ಆದರೆ ಅರ್ಥವಾದ ಬಿಲ್‌ನಿಂದ ಇನ್ನೊಂದು ಕೆಲಸ ಆಗುತ್ತೆ. ಯಾರನ್ನು ಏನು ಕೇಳಬೇಕು ಅಂತ ಗೊತ್ತಾಗುತ್ತೆ. ಯೂನಿಟ್ ದರ, ನಿಗದಿತ ಶುಲ್ಕದ ಬಗ್ಗೆ ಕೇಳಬೇಕಾದ್ದು ಕೆಇಆರ್‌ಸಿ ವಿಚಾರಣೆಯಲ್ಲಿ, ಅಲ್ಲಿ ಸಾಮಾನ್ಯ ಗ್ರಾಹಕರೂ ಹೋಗಿ ಆಕ್ಷೇಪಣೆ ಹೇಳಬಹುದು. ತೆರಿಗೆ ಬಗ್ಗೆ ಕೇಳಬೇಕಾದ್ದು ನಿಮ್ಮ ಶಾಸಕರನ್ನು. ತಪ್ಪು ರೀಡಿಂಗ್ ಬಗ್ಗೆ ಕಂಪನಿಯನ್ನು. ಲೋಡ್ ಬಗ್ಗೆ ನಿಮ್ಮನ್ನೇ. ಗೇಟಿನ ಮುಂದೆ ನಿಂತ ಮೀಟರ್ ರೀಡರ್‌ನ ಕಾಲರ್ ಹಿಡಿದರೆ ಇದರಲ್ಲಿ ಒಂದಕ್ಕೂ ಉತ್ತರ ಸಿಗಲ್ಲ.

ಅಮ್ಮನ ಲೋಡ್ 5ರಿಂದ 3ಕ್ಕೆ ಇಳಿಸಿ ಅಂತ ಅರ್ಜಿ ಕೊಟ್ಟು ಬಂದಿದ್ದೀನಿ. ಎರಡು ಕಿಲೋವ್ಯಾಟ್ ಅಂದ್ರೆ ತಿಂಗಳಿಗೆ 290 ರೂಪಾಯಿ, ವರ್ಷಕ್ಕೆ 3,480. ಶೂನ್ಯ ಬಿಲ್ ಬಂದ ತಿಂಗಳು ಅದು ಅಮ್ಮನಿಗೆ ಉಳಿಯಲ್ಲ, ಸರ್ಕಾರಕ್ಕೆ ಉಳಿಯುತ್ತೆ, ಉಳೀಲಿ ಬಿಡಿ. ಅರ್ಜಿ ಕೊಡುವ ಮೊದಲು ಒಂದೇ ಹೊತ್ತಿಗೆ ಏನೇನು ಓಡುತ್ತೆ ಅಂತ ಅಮ್ಮನ ಜೊತೆ ಕೂತು ವ್ಯಾಟ್ ಕೂಡಿಸಿದೆ. ನೀವೂ ಕೂಡಿಸದೇ ಅರ್ಜಿ ಕೊಡಬೇಡಿ.

ಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲೇ ಅಮ್ಮ ಈಗ ಪ್ರತಿ ಭಾನುವಾರ ಮೀಟರ್ ಸಂಖ್ಯೆ ಬರೆದಿಡ್ತಾಳೆ. ಮೊನ್ನೆ ಫೋನ್ ಮಾಡಿದವಳು ಹೇಳಿದಳು: "ಇಪ್ಪತ್ತು ದಿನಕ್ಕೆ 96 ಆಗಿದೆ ಕಣಪ್ಪಾ, ಈ ತಿಂಗಳು ಗೆರೆ ದಾಟಲ್ಲ."

ಇವತ್ತು ಟೀವಿ ಆಫ್ ಮಾಡಿದ ಮೇಲೆ ನಿಮ್ಮ ಮನೆಯ ಬಿಲ್ ತೆಗೀರಿ. ಮಂಜೂರಾದ ಲೋಡ್ ಎಷ್ಟು, ಅರ್ಹ ಯೂನಿಟ್ ಎಷ್ಟು, ಬಾಕಿ ಅಂತ ಏನಾದರೂ ಇದೆಯಾ, ಈ ಮೂರು ನೋಡಿ. ಅರ್ಥವಾಗದೇ ಇರುವ ಸಾಲಿನ ಕೆಳಗೆ ಗೀಟು ಎಳೆದು, ನಾಳೆ ಉಪವಿಭಾಗ ಕಚೇರಿಗೆ ತಗೊಂಡು ಹೋಗಿ ಕೇಳಿ. ದುಡ್ಡು ಕಟ್ಟುವವರು ನೀವು. ಕೇಳಲಿಕ್ಕೆ ಸಂಕೋಚ ಯಾಕೆ?